ಟೆಫ್ಲಾನ್, ವ್ಯಾಕ್ಸ್, ಸೆರಾಮಿಕ್, ಪಿಪಿಎಫ್: ಕಾರಿನ ಬಣ್ಣವನ್ನು ನಿಜಕ್ಕೂ ಕಾಯುವುದು ಯಾವುದು?

ಯಾವುದಕ್ಕೂ ಅಂಟದಿರುವುದೇ ಟೆಫ್ಲಾನಿನ ಗುಣ. ಹಾಗಿದ್ದಮೇಲೆ ಅದು ಕಾರಿನ ಬಣ್ಣಕ್ಕೆ ಮಾತ್ರ ಹೇಗೆ ಅಂಟಿಕೊಂಡೀತು? ಶೋರೂಮಿನಲ್ಲೋ ಸರ್ವಿಸ್ ಸೆಂಟರಿನಲ್ಲೋ ‘ಟೆಫ್ಲಾನ್ ಕೋಟಿಂಗ್ ಮಾಡಿಸಿಬಿಡಿ, ಬಣ್ಣಕ್ಕೆ ರಕ್ಷಣೆ’ ಎಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಚಿಕ್ಕದು: ಅಂಟಿಕೊಳ್ಳುವುದಿಲ್ಲ. ಆದರೂ ಕೋಟಿಂಗ್ ಮಾಡಿಸಿದ ದಿನ ಕಾರು ಮಿರಮಿರ ಮಿನುಗುತ್ತದೆ, ನೀರು ಮುತ್ತಿನಂತೆ ಉರುಳುತ್ತದೆ. ಆ ಹೊಳಪು ಎಲ್ಲಿಂದ ಬಂತು, ಅದಕ್ಕೆ ಏನು ತೆತ್ತೆವು ಎಂಬುದು ತಿಳಿದರೆ ಉಳಿದ ಆಯ್ಕೆಗಳನ್ನು ತೂಗಿನೋಡುವುದು ಸುಲಭ.

ಟೆಫ್ಲಾನ್ ಎನ್ನುವುದು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ವ್ಯಾಪಾರದ ಹೆಸರು. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಶೈತ್ಯಕಾರಕ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಅಕಸ್ಮಾತ್ತಾಗಿ ಸಿಕ್ಕಿದ ವಸ್ತು. ಇದು ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಾನ್‌ಸ್ಟಿಕ್ ಬಾಣಲೆ ಮಾಡುವಾಗ ಲೋಹವನ್ನು ಮೊದಲು ಮರಳು ಚಿಮ್ಮಿಸಿ ತರಿತರಿ ಮಾಡುತ್ತಾರೆ, ಹಿಡಿತಕ್ಕೆಂದು ಬೇರೊಂದು ರಾಳ ಬೆರೆಸಿದ ಪ್ರೈಮರ್ ಬಳಿಯುತ್ತಾರೆ, ಆಮೇಲೆ ಪಿಟಿಎಫ್‌ಇ ಪದರ ಕೊಟ್ಟು ಸುಮಾರು 400 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಆಗಷ್ಟೇ ಕಣಗಳು ಒಂದಕ್ಕೊಂದು ಬೆಸೆದು ಅಖಂಡ ಪದರವಾಗುತ್ತದೆ.

ಕಾರಿಗೆ ಇದರಲ್ಲಿ ಒಂದೂ ಸಾಧ್ಯವಿಲ್ಲ. ಕಾರ್ಖಾನೆಯಲ್ಲಿ ಮೇಲ್ಪದರದ ಬಣ್ಣ ಒಣಗಿಸುವುದೇ ಸುಮಾರು 140 ಡಿಗ್ರಿಯಲ್ಲಿ. ಗ್ಯಾರೇಜಿನ ಪೇಂಟ್ ಬೂತಿನಲ್ಲಿ 60ರ ಆಸುಪಾಸು. 400 ಡಿಗ್ರಿಗೆ ಹೋದರೆ ಬಣ್ಣ ಸುಟ್ಟು ಕರಕಲಾಗುತ್ತದೆ, ಬಂಪರ್ ಕರಗಿ ನೆಲಕ್ಕಿಳಿಯುತ್ತದೆ. ಹಾಗಾಗಿ ‘ಟೆಫ್ಲಾನ್ ಕೋಟಿಂಗ್’ ಎಂಬ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ವ್ಯಾಕ್ಸ್ ಅಥವಾ ಸಿಲಿಕೋನ್ ಆಧಾರದ ಪಾಲಿಶ್, ದ್ರಾವಕ, ಒಂದಿಷ್ಟು ನಯವಾದ ಉಜ್ಜುಪುಡಿ. ಅದರೊಳಗೆ ಪಿಟಿಎಫ್‌ಇ ಪುಡಿ ಇದ್ದರೂ ಅದು ಬಿಡಿಬಿಡಿ ಕಣಗಳಾಗಿ ತೇಲಿಕೊಂಡಿರುತ್ತದೆ ಅಷ್ಟೆ. ನೀರು ಉರುಳಿಸುವ ಕೆಲಸ ಮಾಡುವುದು ವ್ಯಾಕ್ಸ್ ಮತ್ತು ಸಿಲಿಕೋನ್. ಅವು ತೊಳೆದುಹೋದಾಗ ಪಿಟಿಎಫ್‌ಇ ಕಣಗಳೂ ಚರಂಡಿ ಸೇರುತ್ತವೆ. ಅಲ್ಲಿ ಅವು ಕೊಳೆಯುವ ಜಾತಿಯಲ್ಲ ಎನ್ನುವುದು ಬೇರೆ ಮಾತು.

ಅಂದರೆ ಟೆಫ್ಲಾನ್ ಕೋಟಿಂಗನ್ನು ಒಂದು ಪಾಲಿಶ್ ಎಂದು ಲೆಕ್ಕ ಹಾಕಿಕೊಳ್ಳಿ. ಎರಡು ಮೂರು ತಿಂಗಳು ಬಾಳುತ್ತದೆ. ವ್ಯಾಕ್ಸಿನ ಕೆಲಸ ಮಾಡುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ.

ಹೊಳಪಿಗೆ ತೆತ್ತ ಬೆಲೆ

ಹೆಚ್ಚಿನವರು ಗಮನಿಸದ ಸಂಗತಿ ಇಲ್ಲಿದೆ. ಕಾರ್ಖಾನೆಯ ಬಣ್ಣ ನಾಲ್ಕು ಪದರ: ತುಕ್ಕು ತಡೆಯುವ ಇ-ಕೋಟ್ ಸುಮಾರು 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಪ್ರೈಮರ್ ಸುಮಾರು 30, ಬಣ್ಣ ಕೊಡುವ ಬೇಸ್ ಕೋಟ್ ಸುಮಾರು 15, ಎಲ್ಲದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ 35ರಿಂದ 50. ಒಟ್ಟು ಸುಮಾರು 100ರಿಂದ 115 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ, ನಾವು ಕಾಪಾಡಲು ಹೊರಟಿರುವ ಕ್ಲಿಯರ್ ಕೋಟ್ ಎಷ್ಟು ತೆಳು ಎಂಬುದು ಗೊತ್ತಾಗುತ್ತದೆ.

ಕಾರಿನ ನಿಜವಾದ ಕಾವಲುಗಾರ ಈ ಕ್ಲಿಯರ್ ಕೋಟೇ. ಬಿಸಿಲಿನ ಅತಿನೇರಳೆ ಕಿರಣವನ್ನು ಹೀರುವ ರಾಸಾಯನಿಕಗಳು ಬೆರೆತಿರುವುದು ಅದರಲ್ಲಿ. ಯಾವುದೇ ಕೋಟಿಂಗನ್ನು ಅಳೆಯುವ ಮಾನದಂಡ ಒಂದೇ: ಅದು ಕ್ಲಿಯರ್ ಕೋಟನ್ನು ಉಳಿಸುತ್ತದೆಯೋ, ಸವೆಸುತ್ತದೆಯೋ?

ಟೆಫ್ಲಾನ್ ಕೋಟಿಂಗಿನ ಹೆಸರಲ್ಲಿ ಬಹಳ ಕಡೆ ನಡೆಯುವ ಕೆಲಸದ ಕ್ರಮ ಹೀಗೆ: ಕಾರು ತೊಳೆಯುವುದು, ಮಷೀನಿನಲ್ಲಿ ರಬ್ಬಿಂಗ್ ಕಾಂಪೌಂಡ್ (ಉಜ್ಜುಪುಡಿ ಬೆರೆಸಿದ ಪೇಸ್ಟ್) ಹಾಕಿ ಉಜ್ಜುವುದು, ಆಮೇಲೆ ಟೆಫ್ಲಾನ್ ಪೇಸ್ಟ್ ಬಳಿದು ಒರೆಸುವುದು. ಗೀರು ಮಾಯವಾಗಿ ಕನ್ನಡಿಯಂಥ ಹೊಳಪು ಬಂದದ್ದು ಎರಡನೆಯ ಹಂತದಲ್ಲಿ, ಅಂದರೆ ಕ್ಲಿಯರ್ ಕೋಟಿನ ಮೇಲ್ಭಾಗವನ್ನು ಕೆರೆದು ಸಮ ಮಾಡಿದ್ದರಿಂದ. ಒಂದು ಸಲದ ಕಾಂಪೌಂಡಿಂಗಿಗೆ 2 ಮೈಕ್ರಾನ್ ಹೋಯಿತು ಎಂದಿಟ್ಟುಕೊಳ್ಳಿ. ‘ಆರು ತಿಂಗಳಿಗೊಮ್ಮೆ ಮಾಡಿಸಿ’ ಎಂಬ ಸಲಹೆಯನ್ನು ಐದು ವರ್ಷ ಪಾಲಿಸಿದರೆ ಹತ್ತು ಸಲ, 20 ಮೈಕ್ರಾನ್. ಕ್ಲಿಯರ್ ಕೋಟಿನ ಅರ್ಧದಷ್ಟು ಪ್ಯಾಡಿಗೆ ಹತ್ತಿ ಹೋಗಿರುತ್ತದೆ. ಆಮೇಲೆ ಒಂದು ಬೇಸಗೆಯಲ್ಲಿ ಟಾಪಿನ ಮೇಲೋ ಬಾನೆಟ್ಟಿನ ಏಣಿನ ಮೇಲೋ ಬಿಳಿಚಿಕೊಂಡು ಹಕ್ಕಳೆ ಏಳತೊಡಗುತ್ತದೆ. ಮೊದಲು ಹೋಗುವುದು ಏಣು ಮತ್ತು ಅಂಚುಗಳೇ. ಬಣ್ಣ ಅಲ್ಲಿ ತೆಳು, ಮಷೀನಿನ ಒತ್ತಡ ಅಲ್ಲಿ ಜಾಸ್ತಿ.

ಉಜ್ಜದೆ ಬರೀ ಪೇಸ್ಟ್ ಬಳಿಯುವವರೂ ಇದ್ದಾರೆ. ಅಲ್ಲಿ ಹಾನಿಯಿಲ್ಲ, ಆದರೆ ಪೇಸ್ಟಿನ ಎಣ್ಣೆ ಗೀರುಗಳೊಳಗೆ ತುಂಬಿಕೊಂಡು ಅವನ್ನು ಮುಚ್ಚಿರುತ್ತದೆ, ಅಷ್ಟೆ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮಪ್ರಮಾಣ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಗೆ ಚಿಮುಕಿಸಿ ಒಂದು ಗೇಣಗಲ ಜಾಗ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮಾಯವಾಗಿದ್ದ ಸುರುಳಿ ಗೀರುಗಳೆಲ್ಲ ಮತ್ತೆ ಹಾಜರ್.

ಬಣ್ಣಕ್ಕೆ ಬರುವ ಕಂಟಕಗಳು

ನೀರು ಮುತ್ತುಗಟ್ಟುವುದೇ ರಕ್ಷಣೆ ಎಂದು ತಿಳಿಯುವುದು ದೊಡ್ಡ ಭ್ರಮೆ. ಅದು ಮೇಲ್ಮೈಯ ಜಾರುಗುಣದ ಗುರುತು ಮಾತ್ರ. ಬಣ್ಣಕ್ಕೆ ಹಾನಿ ಮಾಡುವವು ಬೇರೆಯೇ, ಒಂದೊಂದಕ್ಕೂ ಮದ್ದು ಬೇರೆ.

ಕಲ್ಲೇಟಿಗೆ ದಪ್ಪವೇ ಮದ್ದು. ವ್ಯಾಕ್ಸ್ ಪದರ ಒಂದು ಮೈಕ್ರಾನಿಗೂ ಕಡಿಮೆ, ಸೆರಾಮಿಕ್ ಒಂದರ ಆಸುಪಾಸು, ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) 150ರಿಂದ 200. ಹೆದ್ದಾರಿಯಲ್ಲಿ ಮುಂದಿನ ಲಾರಿ ಚಿಮ್ಮಿಸಿದ ಜಲ್ಲಿಚೂರಿಗೆ ಒಂದು ಮೈಕ್ರಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸುರುಳಿ ಗೀರು ಬರುವುದು ಮುಖ್ಯವಾಗಿ ನಮ್ಮ ಕೈಯಿಂದಲೇ. ಒಣ ಧೂಳಿನ ಮೇಲೆ ಬಟ್ಟೆ ಆಡಿಸುವುದು, ಒಂದೇ ಬಕೆಟ್ಟಿನ ಕೆಸರುನೀರಿನಲ್ಲಿ ಇಡೀ ಕಾರು ತೊಳೆಯುವುದು. ಧೂಳಿನಲ್ಲಿರುವ ಮರಳಿನ ಕಣ, ಖನಿಜಗಳ ಗಡಸುತನ ಅಳೆಯುವ 1ರಿಂದ 10ರ ಮೋಸ್ ಮಾಪನದಲ್ಲಿ 7ರಷ್ಟು ಗಡಸು. ಅದನ್ನು ಎದುರಿಸುವ ಕೋಟಿಂಗ್ ಬಾಟಲಿಯಲ್ಲಿ ಸಿಗುವುದಿಲ್ಲ.

ಹಕ್ಕಿ ಹಿಕ್ಕೆ ಮತ್ತು ಕೀಟಗಳ ರಸ ಆಮ್ಲೀಯ. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗುತ್ತದೆ, ಸಂಜೆ ತಣಿದು ಕುಗ್ಗುವಾಗ ಗಟ್ಟಿಯಾದ ಹಿಕ್ಕೆಯ ಆಕಾರವನ್ನೇ ಅಚ್ಚೊತ್ತಿಕೊಳ್ಳುತ್ತದೆ. ಕೋಟಿಂಗ್ ಇದ್ದರೆ ಒಂದಿಷ್ಟು ಗಂಟೆ ಹೆಚ್ಚು ಅವಕಾಶ ಸಿಕ್ಕೀತು, ಬಿಸಿಲಲ್ಲಿ ಎರಡು ದಿನ ಬಿಟ್ಟರೆ ಯಾವ ಕೋಟಿಂಗೂ ಉಳಿಸದು. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿಟ್ಟು, ನೆನೆದ ಮೇಲೆ ಮೇಲಕ್ಕೆತ್ತಿ ತೆಗೆಯಬೇಕು. ಒಣಗಿದ್ದನ್ನು ಉಜ್ಜಿದರೆ ಅದರಲ್ಲಿರುವ ಬೀಜ, ಮರಳು ಗೀರು ಹಾಕುತ್ತವೆ.

ಇನ್ನು ಬಿಸಿಲು. ಒಂದು ಮೈಕ್ರಾನಿನ ಪಾರದರ್ಶಕ ಪದರ ತಡೆಯಬಲ್ಲ ಅತಿನೇರಳೆ ಕಿರಣ ಅತ್ಯಲ್ಪ. ನೆರಳಿನಲ್ಲಿ ನಿಲ್ಲಿಸುವುದರ ಮುಂದೆ ಅದು ಲೆಕ್ಕಕ್ಕಿಲ್ಲ.

ವ್ಯಾಕ್ಸ್, ಸೀಲಂಟ್

ಕಾರ್ನೌಬಾ ವ್ಯಾಕ್ಸ್ ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಕರಗುವ ಬಿಂದು 82ರಿಂದ 86 ಡಿಗ್ರಿ. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ 70 ದಾಟುವುದುಂಟು, ಹಾಗಾಗಿ ಬಿಸಿ ಪ್ರದೇಶದಲ್ಲಿ ನಾಲ್ಕರಿಂದ ಎಂಟು ವಾರ ಬಾಳಿದರೆ ಅದೇ ಹೆಚ್ಚು. ಗಾಢ ಬಣ್ಣಗಳಿಗೆ ಒಳ್ಳೆಯ ಆಳದ ಹೊಳಪು ಕೊಡುತ್ತದೆ. ಪಾಲಿಮರ್ ಸೀಲಂಟ್, ಅಂದರೆ ಮೇಣದ ಬದಲು ಕೃತಕ ರಾಳದಿಂದ ಮಾಡಿದ ಲೇಪ, ಮೂರರಿಂದ ಆರು ತಿಂಗಳು ಬಾಳುತ್ತದೆ, ಹಾಕುವುದೂ ಸಲೀಸು. ತೊಳೆದ ಮೇಲೆ ಚಿಮುಕಿಸಿ ಒರೆಸುವ ಸಿಲಿಕಾ ಸ್ಪ್ರೇಗಳು ಇವೆರಡರ ನಡುವೆ ನಿಲ್ಲುತ್ತವೆ.

ಟೆಫ್ಲಾನ್ ಕೋಟಿಂಗ್ ಮಾಡುವುದನ್ನೆಲ್ಲ ಈ ಮೂರರಲ್ಲಿ ಯಾವುದಾದರೂ ಒಂದು, ಮಷೀನಿನ ಹಂಗಿಲ್ಲದೆ, ಮನೆಯಲ್ಲೇ ಅರ್ಧ ದಿನದಲ್ಲಿ ಮಾಡುತ್ತದೆ. ಸೀಲಂಟ್ ತೆಳ್ಳಗೆ ಬಳಿಯಿರಿ. ಒಂದು ಬಾಗಿಲಿಗೆ ಬಟಾಣಿ ಗಾತ್ರದ ಎರಡು ಮೂರು ತೊಟ್ಟು ಸಾಕು. ಬೆರಳಿನಿಂದ ಒಮ್ಮೆ ಗೀಚಿ ನೋಡಿ: ಗೀಚಿದ ಜಾಗ ಶುಭ್ರವಾಗಿ ಕಂಡರೆ ಒರೆಸುವ ಹೊತ್ತು ಬಂದಿದೆ, ಮಸುಕಾಗಿ ಎಳೆದುಕೊಂಡರೆ ಇನ್ನೂ ಕಾಯಬೇಕು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ, ವ್ಯಾಕ್ಸ್ ತಾಗಿ ಬಿಳಿ ಕಲೆಯಾದರೆ ತೆಗೆಯುವುದು ತಲೆನೋವು. ಮ್ಯಾಟ್ ಬಣ್ಣದ ಕಾರಿಗೆ ಇದ್ಯಾವುದನ್ನೂ ಹಾಕಬಾರದು, ಅದಕ್ಕೆಂದೇ ಇರುವ ಸೀಲಂಟ್ ಬೇರೆ ಇದೆ. ಉಜ್ಜಿದರೆ ಅಲ್ಲಲ್ಲಿ ಹೊಳಪು ಕಲೆ ಬಿದ್ದು, ಪ್ಯಾನೆಲ್ಲಿಗೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿಯಾಗುತ್ತದೆ.

ಸೆರಾಮಿಕ್: ಇದು ಅಂಟಿಕೊಳ್ಳುತ್ತದೆ, ಆದರೆ…

ಸೆರಾಮಿಕ್ ಕೋಟಿಂಗಿನ ರಸಾಯನ ಬೇರೆ. ಸೈಲಾಕ್ಸೇನ್ ಅಥವಾ ಪಾಲಿಸೈಲಾಜೇನ್ ರಾಳ ಗಾಳಿಯ ತೇವದ ಜೊತೆ ಪ್ರತಿಕ್ರಿಯಿಸಿ, ಕೋಣೆಯ ಉಷ್ಣತೆಯಲ್ಲೇ ಸಿಲಿಕಾ ಜಾಲವಾಗಿ ಗಟ್ಟಿಯಾಗುತ್ತದೆ. ಸೈಲಾಜೇನ್ ಇರುವುದನ್ನು ಬಳಿಯುವಾಗ ಮೂಗಿಗೆ ಬಡಿಯುವ ಅಮೋನಿಯಾ ಘಾಟು ಈ ಕ್ರಿಯೆಯದ್ದೇ. ಹಾಗಾಗಿ ಇದು ಶಾಂಪೂವಿಗೆ ತೊಳೆದುಹೋಗುವುದಿಲ್ಲ. ಸರಿಯಾಗಿ ಹಾಕಿ ನೋಡಿಕೊಂಡರೆ ಒಂದರಿಂದ ಮೂರು ವರ್ಷ ಬಾಳುತ್ತದೆ. ಕೊಳೆ ಸುಲಭಕ್ಕೆ ಬಿಡುತ್ತದೆ, ತೊಳೆಯುವಾಗ ಉಜ್ಜುವುದು ಕಡಿಮೆಯಾಗುತ್ತದೆ, ಅದರಿಂದ ಗೀರೂ ಕಡಿಮೆಯಾಗುತ್ತದೆ. ಇದೇ ಇದರ ನಿಜವಾದ ಲಾಭ.

‘9ಎಚ್ ಗಡಸು, ಗೀರೇ ಬೀಳದು’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಇದು ಪೆನ್ಸಿಲ್ ಪರೀಕ್ಷೆಯ ಅಂಕ. 45 ಡಿಗ್ರಿ ಕೋನದಲ್ಲಿ, 750 ಗ್ರಾಂ ಭಾರದಡಿ ಬೇರೆ ಬೇರೆ ಗಡಸಿನ ಪೆನ್ಸಿಲ್ಲನ್ನು ತಳ್ಳಿ, ಯಾವುದು ಗೀರು ಹಾಕಿತು ಎಂದು ನೋಡುವ ಪದ್ಧತಿ. 9ಎಚ್ ಪೆನ್ಸಿಲ್ ಅಂದರೂ ಅದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಕಡ್ಡಿ, ಮರಳಿನ ಮುಂದೆ ಅದು ಮೆದು. ಮೇಲಾಗಿ ಒಂದು ಮೈಕ್ರಾನ್ ಪದರ ಎಷ್ಟೇ ಗಡುಸಾಗಿದ್ದರೂ ಕೆಳಗಿನ ಕ್ಲಿಯರ್ ಕೋಟ್ ಒತ್ತಿದರೆ ತಗ್ಗುತ್ತದೆ, ಮೇಲಿನದೂ ಅದರ ಜೊತೆಗೇ ಹೋಗುತ್ತದೆ. ‘ಗ್ರಾಫೀನ್ ಕೋಟಿಂಗ್’ ಎಂದು ಮಾರುವುದರಲ್ಲೂ ಬಹುಪಾಲು ಇದೇ ಸಿಲಿಕಾ ರಾಳ, ಅದಕ್ಕೆ ಚಿಟಿಕೆ ಗ್ರಾಫೀನ್ ಆಕ್ಸೈಡ್ ಸೇರಿರುತ್ತದೆ.

ಇನ್ನೊಂದು ತೊಡಕು ಗಡಸು ನೀರು. ಸೆರಾಮಿಕ್ ಮೇಲೆ ನಿಂತ ಗುಂಡು ಹನಿ ಬಿಸಿಲಿಗೆ ಒಣಗಿದಾಗ ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಒಂದೇ ಕಡೆ ಗುಪ್ಪೆಯಾಗಿ ಬಿಳಿ ಉಂಗುರ ಬಿಡುತ್ತದೆ. ಕೊಳವೆಬಾವಿ ನೀರಿನಲ್ಲಿ ತೊಳೆದು ಒರೆಸದೆ ಬಿಡುವವರಿಗೆ ಸೆರಾಮಿಕ್ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಹೊಸ ಕಲೆಗೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ತಣ್ಣಗಿನ ಪ್ಯಾನೆಲ್ ಮೇಲೆ ಒಂದೆರಡು ನಿಮಿಷ ಇಟ್ಟು ತೊಳೆದರೆ ಹೋಗುತ್ತದೆ. ಹಳೆಯದು ಪಾಲಿಶಿಗೇ ಬಗ್ಗುವುದು, ಆಗ ಆ ಜಾಗದ ಕೋಟಿಂಗೂ ಹೋಯಿತೆಂದೇ ಲೆಕ್ಕ.

ಕೈಯಾರೆ ಹಾಕುವವರಿಗೆ ಕ್ರಮ ಹೀಗಿದೆ. ಎಲ್ಲವೂ ನೆರಳಿನಲ್ಲಿ, ಲೋಹ ಮುಟ್ಟಿದರೆ ತಣ್ಣಗಿರಬೇಕು.

1. ತಟಸ್ಥ ಪಿಎಚ್ ಶಾಂಪೂವಿನಿಂದ ತೊಳೆಯಿರಿ. ಎರಡು ಬಕೆಟ್ ಇರಲಿ: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ತೊಳೆಯುವ ಗ್ಲೌಸ್ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ.
2. ಐರನ್ ರಿಮೂವರ್ ಚಿಮುಕಿಸಿ. ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಕಣ ಇದ್ದಲ್ಲಿ ನೇರಳೆ ಬಣ್ಣದ ನೀರಿಳಿಯುತ್ತದೆ. ಒಣಗಲು ಬಿಡದೆ ತೊಳೆಯಿರಿ.
3. ಸಾಬೂನು ನೀರು ಧಾರಾಳವಾಗಿ ಹಾಕಿಕೊಂಡು ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆಯನ್ನು ಎಳೆದು ತೆಗೆಯುವ ಜೇಡಿಯಂಥ ಮುದ್ದೆ) ಆಡಿಸಿ. ಕೈಗೆ ತರಿತರಿ ತಾಗುವುದು ನಿಲ್ಲುವತನಕ ಸಾಕು. ಕ್ಲೇ ನೆಲಕ್ಕೆ ಬಿದ್ದರೆ ಅದನ್ನು ಬಿಸಾಡಿ.
4. ಗೀರುಗಳಿದ್ದರೆ ಡ್ಯುಯಲ್ ಆಕ್ಷನ್ (ತಿರುಗುತ್ತಲೇ ಅತ್ತಿತ್ತ ಓಲಾಡುವ) ಮಷೀನಿನಲ್ಲಿ ನಯವಾದ ಪಾಲಿಶ್. ಗೀರಿನ ಮೇಲೆ ಕೋಟಿಂಗ್ ಹಾಕಿದರೆ ಆ ಗೀರು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಹೊಸ ಕಾರಿಗೆ ಈ ಹಂತ ಬಹಳ ಸಲ ಬೇಕಾಗುವುದಿಲ್ಲ.
5. ಆಲ್ಕೊಹಾಲ್ ಮಿಶ್ರಣದಿಂದ ಒರೆಸಿ ಎಣ್ಣೆಯಂಶ ತೆಗೆಯಿರಿ. ಕೋಟಿಂಗ್ ಬೇಗ ಹೋಗಿಬಿಡುವುದಕ್ಕೆ ಇದನ್ನು ಬಿಟ್ಟದ್ದೇ ಅನೇಕ ಸಲ ಕಾರಣ.
6. ಸ್ವೇಡ್ ಬಟ್ಟೆ ಸುತ್ತಿದ ಸ್ಪಂಜಿಗೆ ಎಂಟು ಹತ್ತು ಹನಿ ಹಾಕಿ, 50 ಸೆಂ.ಮೀ. ಚೌಕದಷ್ಟು ಜಾಗಕ್ಕೆ ಅಡ್ಡಡ್ಡ, ಆಮೇಲೆ ಉದ್ದುದ್ದ ಬಳಿಯಿರಿ. ಕಾಮನಬಿಲ್ಲಿನಂಥ ಬಣ್ಣ ಮೂಡಿದಾಗ, ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದಲ್ಲಿ, ಮೈಕ್ರೋಫೈಬರಿನಿಂದ ಒರೆಸಿ, ಮತ್ತೊಂದು ಬಟ್ಟೆಯಿಂದ ಪೂರ್ತಿ ಸಮ ಮಾಡಿ.

30 ಮಿಲಿ ಬಾಟಲಿ ಸಾಧಾರಣ ಗಾತ್ರದ ಕಾರಿಗೆ ಒಂದು ಪದರಕ್ಕೆ ಸಾಕಾಗುತ್ತದೆ. ಕೆಡುವುದು ಹೆಚ್ಚಾಗಿ ಆರನೆಯ ಹಂತದಲ್ಲಿ. ಒರೆಸಲು ತಡವಾದರೆ ಎಣ್ಣೆ ಬಳಿದಂಥ ಕಪ್ಪು ಕಲೆ ಉಳಿಯುತ್ತದೆ, ಕೆಲಸದವರು ಅದನ್ನು ಹೈ ಸ್ಪಾಟ್ ಎನ್ನುತ್ತಾರೆ. ಗಂಟೆಯೊಳಗೆ ಕಂಡರೆ ಅದರ ಮೇಲೆಯೇ ಮತ್ತೊಂದೆರಡು ಹನಿ ಬಳಿದು ತಕ್ಷಣ ಒರೆಸಿದರೆ ಹೊರಟುಹೋಗುತ್ತದೆ. ಮಾರನೆಯ ದಿನ ಕಂಡರೆ ಪಾಲಿಶ್ ಮಾಡಿ ತೆಗೆದು ಆ ಪ್ಯಾನೆಲ್ಲಿಗೆ ಹೊಸದಾಗಿ ಹಾಕಬೇಕು. ಬಳಸಿದ ಬಟ್ಟೆಯನ್ನು ಒಗೆದು ಮತ್ತೆ ಬಳಸುವ ಆಸೆ ಬೇಡ, ಅದರಲ್ಲಿ ಗಟ್ಟಿಯಾದ ರಾಳ ಮುಂದಿನ ಸಲ ಗೀರು ಹಾಕುತ್ತದೆ. ಮೊದಲ 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ಬೇಡ.

ಪಿಪಿಎಫ್

ಕಲ್ಲೇಟಿಗೆ ಎದೆಯೊಡ್ಡುವುದು ಇದೊಂದೇ. ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್ ಹಾಳೆ, ಅಂಟಿನ ಪದರ, ಮೇಲೆ ತಾನಾಗಿ ಗೀರು ಮುಚ್ಚಿಕೊಳ್ಳುವ ಲೇಪ. ಬಿಸಿ ನೀರೋ ಬಿಸಿಲೋ ತಾಗಿದರೆ ನವಿರಾದ ಗೀರು ಮಾಯವಾಗುತ್ತದೆ, ಫಿಲ್ಮನ್ನು ಸೀಳಿದ ಗೀರು ಹೋಗುವುದಿಲ್ಲ. ಒಳ್ಳೆಯದು ಐದರಿಂದ ಹತ್ತು ವರ್ಷ ಬಾಳುತ್ತದೆ.

ಎಲ್ಲಕ್ಕಿಂತ ದುಬಾರಿಯೂ ಇದೇ, ಮೋಸಕ್ಕೆ ಜಾಗವೂ ಇಲ್ಲೇ ಹೆಚ್ಚು. ಪಿವಿಸಿ ಹಾಳೆಯನ್ನು ಪಿಪಿಎಫ್ ಎಂದು ಮಾರುವುದುಂಟು. ಪಾಲಿಯುರೆಥೇನಿನಲ್ಲೂ ಅಲಿಫ್ಯಾಟಿಕ್ ಜಾತಿ ಬೇಕು, ಅರೋಮ್ಯಾಟಿಕ್ ಆದರೆ ಬಿಸಿಲಿಗೆ ಹಳದಿ ಬೀಳುತ್ತದೆ. ಚೂರೊಂದನ್ನು ಕೇಳಿ ಪಡೆದು ಎಳೆದು ನೋಡಿ: ಪಾಲಿಯುರೆಥೇನ್ ರಬ್ಬರಿನಂತೆ ಹಿಗ್ಗಿ ನಿಧಾನಕ್ಕೆ ಮೊದಲಿನ ಅಳತೆಗೆ ಬರುತ್ತದೆ, ಪಿವಿಸಿ ಎಳೆದ ಕಡೆ ಹಿಗ್ಗಿದಂತೆಯೇ ಉಳಿಯುತ್ತದೆ. ಕಾರಿನ ಮೇಲೇ ಬ್ಲೇಡಿನಿಂದ ಕತ್ತರಿಸುವವರಿಗಿಂತ ಪ್ಲಾಟರ್ ಎಂಬ ಕಂಪ್ಯೂಟರ್ ಕತ್ತರಿ ಯಂತ್ರದಲ್ಲಿ ಅಳತೆಗೆ ಕತ್ತರಿಸಿ ತರುವವರು ಮೇಲು. ಬ್ಲೇಡ್ ಕ್ಲಿಯರ್ ಕೋಟಿಗೆ ತಾಗಿದ್ದು ಫಿಲ್ಮ್ ತೆಗೆದ ದಿನವೇ ಗೊತ್ತಾಗುವುದು. ಪ್ರೆಶರ್ ವಾಷರಿನ ಮೂತಿಯನ್ನು ಅಂಚಿನಿಂದ 30 ಸೆಂ.ಮೀ. ದೂರ ಹಿಡಿಯಿರಿ, ಇಲ್ಲದಿದ್ದರೆ ಅಂಚು ಎದ್ದು ಕೊಳೆ ಸೇರುತ್ತದೆ.

ಇಡೀ ಕಾರಿಗೇ ಹಾಕಿಸಬೇಕೆಂದಿಲ್ಲ. ಮುಂದಿನ ಬಂಪರ್, ಬಾನೆಟ್, ಕನ್ನಡಿಯ ಹಿಂಬದಿ, ಬಾಗಿಲ ಹಿಡಿಕೆಯ ಗುಳಿ, ಹಿಂದಿನ ಚಕ್ರದ ಮುಂಭಾಗ. ಕಲ್ಲು ಮತ್ತು ಉಗುರು ತಾಗುವುದು ಹೆಚ್ಚಾಗಿ ಇಲ್ಲಿಗೇ.

ಯಾರಿಗೆ ಯಾವುದು

ಕಾರು ಹೊರಗೆ ಬಿಸಿಲಲ್ಲಿ ನಿಲ್ಲುತ್ತದೆ, ತೊಳೆಯುವುದು ಬೇರೆಯವರು, ಒರೆಸುವ ಬಟ್ಟೆ ಯಾವುದೆಂಬುದೂ ನಿಮ್ಮ ಕೈಯಲ್ಲಿಲ್ಲ ಎಂದಾದರೆ ಸೆರಾಮಿಕ್ಕಿಗೆ ದುಡ್ಡು ಸುರಿಯಬೇಡಿ. ಮೂರು ತಿಂಗಳಿಗೊಮ್ಮೆ ಸೀಲಂಟ್, ಜೊತೆಗೆ ಎರಡು ಒಳ್ಳೆಯ ಬಟ್ಟೆ ಮತ್ತು ಎರಡನೆಯ ಬಕೆಟ್ ಕೊಡಿಸಿದರೆ ಅದಕ್ಕಿಂತ ಹೆಚ್ಚು ಉಪಯೋಗ. ನೀವೇ ತೊಳೆದು ಒರೆಸುವವರು, ಮೂರ್ನಾಲ್ಕು ವರ್ಷ ಕಾರು ಇಟ್ಟುಕೊಳ್ಳುವವರು ಎಂದಾದರೆ ಸೆರಾಮಿಕ್ ಒಪ್ಪುತ್ತದೆ. ಹೆದ್ದಾರಿಯ ಓಡಾಟವೇ ಹೆಚ್ಚಿದ್ದರೆ ಮುಂಭಾಗಕ್ಕೆ ಪಿಪಿಎಫ್, ಉಳಿದದ್ದಕ್ಕೆ ಸೀಲಂಟ್ ಅಥವಾ ಸೆರಾಮಿಕ್. ಹತ್ತು ವರ್ಷ ದಾಟಿದ, ಮೊದಲೇ ಹಲವು ಸಲ ಕಾಂಪೌಂಡ್ ಕಂಡ ಕಾರಿಗೆ ಮಷೀನ್ ಮುಟ್ಟಿಸದೆ ಕೈಯಿಂದ ವ್ಯಾಕ್ಸ್ ಹಾಕುವುದೇ ಕ್ಷೇಮ. ಟೆಫ್ಲಾನ್ ಕೋಟಿಂಗಿಗೆ ಈ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ. ಸೀಲಂಟ್ ಮಾಡದ ಯಾವ ಕೆಲಸವನ್ನೂ ಅದು ಮಾಡುವುದಿಲ್ಲ.

ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಪ್ಯಾನೆಲ್ಲಿಗೆ ದ್ರಾವಕ ಪೂರ್ತಿ ಆರಲು ಒಂದರಿಂದ ಮೂರು ತಿಂಗಳು ಬಿಡಿ, ಆಮೇಲಷ್ಟೇ ಕೋಟಿಂಗ್. ಅಂಥ ಪ್ಯಾನೆಲ್ ಮೇಲೆ ಪಿಪಿಎಫ್ ಹಾಕಿಸುವುದಾದರೆ ಮುಂದೆ ಕೀಳುವಾಗ ಬಣ್ಣವೂ ಎದ್ದುಬರುವ ಅಪಾಯವಿದೆ. ಹಾಗೆಯೇ ಬಣ್ಣ ಹೊಡೆಸಲು ಬಿಡುವ ಮುಂಚೆ ಕಾರಿನ ಮೇಲೆ ಸಿಲಿಕೋನ್ ಅಥವಾ ಟೆಫ್ಲಾನ್ ಪಾಲಿಶ್ ಇದೆಯೆಂದು ಪೇಂಟರಿಗೆ ಹೇಳಿಬಿಡಿ. ಪೂರ್ತಿ ತೆಗೆಯದಿದ್ದರೆ ಹೊಸ ಬಣ್ಣ ಅಲ್ಲಲ್ಲಿ ಹಿಂಜರಿದು ಮೀನುಕಣ್ಣಿನಂಥ ಗುಳಿ ಬೀಳುತ್ತದೆ.

ಸಹಿ ಹಾಕುವ ಮುನ್ನ

ಬಾಟಲಿ ತೋರಿಸಲು ಹೇಳಿ, ಅದರ ಹೆಸರು ಬಿಲ್ಲಿನಲ್ಲಿ ಬರಲಿ. ಕಾಂಪೌಂಡ್ ಹಾಕುತ್ತೀರಾ, ಯಾಕೆ ಎಂದು ಕೇಳಿ. ಹೊಸ ಕಾರಿಗೂ ಹಾಕುತ್ತೇವೆ ಎಂದರೆ ಬೇಡವೆನ್ನಿ. ವಾರಂಟಿಯ ಸಣ್ಣಕ್ಷರ ಓದಿ: ಹಕ್ಕಿ ಹಿಕ್ಕೆ, ಗಡಸು ನೀರಿನ ಕಲೆ, ಕಲ್ಲೇಟು, ಗೀರು ಇವೆಲ್ಲ ಹೊರತು ಎಂದಿದ್ದರೆ ಉಳಿದದ್ದೇನು ಎಂದು ನೀವೇ ಲೆಕ್ಕ ಹಾಕಿ. ವರ್ಷಕ್ಕೊಮ್ಮೆ ಅಲ್ಲಿಗೇ ಹೋಗಿ ದುಡ್ಡು ಕೊಟ್ಟು ಮರುಲೇಪ ಮಾಡಿಸಬೇಕೆಂಬ ಷರತ್ತಿದ್ದರೆ ಅದು ಹೆಸರಿಗಷ್ಟೇ ವಾರಂಟಿ.

ಅವರ ಹತ್ತಿರ ಪೇಂಟ್ ದಪ್ಪ ಅಳೆಯುವ ಗೇಜ್ ಇದೆಯೇ ನೋಡಿ. ಬಾನೆಟ್, ಟಾಪ್, ನಾಲ್ಕು ಬಾಗಿಲು, ಒಂದೊಂದರಲ್ಲೂ ಮೂರು ಕಡೆ ಅಳೆದು ಬರೆದುಕೊಳ್ಳಿ. ಪ್ಲಾಸ್ಟಿಕ್ ಬಂಪರಿಗೆ ಸಾಮಾನ್ಯ ಗೇಜ್ ನಡೆಯುವುದಿಲ್ಲ. 180 ದಾಟಿದ ಕಡೆ ಮರುಬಣ್ಣ ಆಗಿರುವ ಸಾಧ್ಯತೆ ಹೆಚ್ಚು, 90ಕ್ಕಿಂತ ಕೆಳಗಿದ್ದರೆ ಅಲ್ಲಿಗೆ ಮಷೀನ್ ತಾಗಿಸಲು ಬಿಡಬೇಡಿ. ಕೆಲಸ ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೆ ಅಳೆಸಿ. ಗೇಜಿನ ದೋಷವೇ ಒಂದೆರಡು ಮೈಕ್ರಾನ್ ಇರಬಹುದು. ಅದಕ್ಕೂ ಮೀರಿ ಅಂಕಿ ಇಳಿದಿದ್ದರೆ ಅಷ್ಟು ಕ್ಲಿಯರ್ ಕೋಟ್ ಹೋಗಿದೆ ಎಂದರ್ಥ.

ಟೆಫ್ಲಾನ್ ಕೋಟಿಂಗ್ ಈಗಾಗಲೇ ಮಾಡಿಸಿ ಆಗಿದ್ದರೂ ಪರೀಕ್ಷೆಗೆ ದಾರಿಯಿದೆ. ಬಾನೆಟ್ಟಿನ ನಡುವೆ ಉದ್ದಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಎಡಭಾಗವನ್ನು ಹಾಗೇ ಬಿಟ್ಟು, ಬಲಭಾಗವನ್ನು ಆಲ್ಕೊಹಾಲಿನಿಂದ ಒರೆಸಿ ಸಾಧಾರಣ ಸೀಲಂಟ್ ಬಳಿಯಿರಿ. ಟೇಪ್ ಕಿತ್ತು, ಎರಡು ತಿಂಗಳು ಎರಡೂ ಬದಿಯನ್ನು ಒಂದೇ ಶಾಂಪೂವಿನಲ್ಲಿ ತೊಳೆಯುತ್ತ ಬನ್ನಿ. ಪ್ರತಿ ಸಲವೂ ಕೊನೆಗೆ ಪೈಪಿನ ನೀರನ್ನು ಒತ್ತಡವಿಲ್ಲದೆ ಹರಿಬಿಟ್ಟು, ಯಾವ ಬದಿಯಲ್ಲಿ ನೀರು ಬೇಗ ಜಾರಿ ಇಳಿಯಿತು, ಯಾವ ಬದಿಯಲ್ಲಿ ಹಾಳೆಯಂತೆ ಹಬ್ಬಿ ನಿಂತಿತು ಎಂದು ನೋಡಿ. ಹಬ್ಬಿ ನಿಂತ ಬದಿಯ ಲೇಪ ಸವೆದಿದೆ ಎಂದರ್ಥ.